ರೇಮಂಡನ ದೀಪದ ಬುಡ

"ಏನೋ ಅದು ಕಿರಿಕಿರಿ? ನಿನ್ನ ಯಂತ್ರಕ್ಕೆ ಸನ್ನಿ ಹಿಡ್ದಿದ್ಯಾ?" ಪಾರ್ಕಿನ ಬೆಂಚಿನ ಮೇಲಿಂದ ಬರ್ನದೀನ್ ಕೇಳಿದಳು.

ಅವಳ ತಮ್ಮ ಫ್ಲೋರಿಯನ್ ಯಂತ್ರವನ್ನು ಇನ್ನೊಂದು ಬದಿಗೆ ತಿರುಗಿಸಿದ. ದೀಪದ ಕಂಬದ ಸುತ್ತ ಮಧ್ಯಾಹ್ನದಿಂದ ಅವನು ಮೆಟಲ್ ಡಿಟೆಕ್ಟರ್ ಬೀಸುತ್ತಲೇ ಇದ್ದ. ಕೋಲಿನ ತುದಿಯ ತಟ್ಟೆಯನ್ನು ಹುಲ್ಲಿಗೆ ತಾಗಿಸಿದರೂ ಕಿರುಚಾಟ, ಆಕಾಶಕ್ಕೆ ಎತ್ತಿ ಹಿಡಿದರೂ ಕಿರುಚಾಟ. ಆಕಾಶದಲ್ಲಿ ಚಿನ್ನ ಎಲ್ಲಿಂದ ಬರಬೇಕು? ಇದು ಕರೆಂಟಿನ ಗಲಾಟೆ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಮೊಬೈಲನ್ನು ಕಾರಿನಲ್ಲಿಟ್ಟು ಬಂದ. ಯಂತ್ರದ ತರಂಗ ಬದಲಿಸಿ ನೋಡಿದ. ಕೊನೆಗೆ ಯಂತ್ರದ ಕಿವಿಯನ್ನೇ, ಅಂದರೆ ಅದರ ಸೂಕ್ಷ್ಮತೆಯನ್ನೇ, ಅರ್ಧಕ್ಕೆ ಇಳಿಸಿದ. ಗಲಾಟೆಯೇನೋ ತಗ್ಗಿತು, ಆದರೆ ಸಿಕ್ಕಿದ್ದು ಬಿಯರ್ ಡಬ್ಬಿಯ ಕೊಂಡಿ, ತುಕ್ಕು ಹಿಡಿದ ಬಾಟಲಿ ಮುಚ್ಚಳ. ಕಿವಿ ಇಳಿಸಿದ ಯಂತ್ರಕ್ಕೆ ಮೇಲಿನ ಕಸವಷ್ಟೇ ಕೇಳುತ್ತದೆ, ಆಳದ್ದು ಕೇಳುವುದಿಲ್ಲ.

ಆಳದಲ್ಲಿದ್ದದ್ದು ಬರ್ನದೀನಳ ಒಬ್ಬನೇ ಮಗ ರೇಮಂಡನ ಉಂಗುರ. ಶಾಲೆ ಮುಗಿಸಿದವರೆಲ್ಲ ನಮ್ಮೂರಿನಲ್ಲಿ ಹಾಕಿಕೊಳ್ಳುವಂಥದ್ದು, ಕೆಂಪು ಕಲ್ಲಿನದು. ಯುದ್ಧಕ್ಕೆ ಹೊರಡುವ ಹಿಂದಿನ ಸಂಜೆ ಇಲ್ಲಿ ಚೆಂಡಾಡುವಾಗ ಅದು ಬೆರಳಿಂದ ಜಾರಿತ್ತು. ಹುಡುಗ ಮಂಡಿಯೂರಿ ಹುಡುಕಿದ, ಕತ್ತಲಾಯಿತು. "ಇಲ್ಲೇ ಇರತ್ತೆ ಬಿಡಮ್ಮ, ಬಂದು ಹುಡುಕ್ತೀನಿ" ಎಂದು ಹೋದವನು ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ ಬಂದ. ಅವನ ನೆನಪಿಗೆ ಏನು ಮಾಡಿಸೋಣ, ಕಲ್ಲು ನೆಡಿಸೋಣವೇ ಎಂದು ಊರಿನವರು ಕೇಳಿದಾಗ ಬರ್ನದೀನ್ ಅಂದಿದ್ದಿಷ್ಟೇ: "ಅವತ್ತು ಇಲ್ಲೊಂದು ದೀಪ ಇದ್ದಿದ್ರೆ ನನ್ನ ಮಗನಿಗೆ ಉಂಗುರ ಸಿಕ್ತಿತ್ತು. ದೀಪ ಹಾಕಿ."

ಹಾಕಿದರು. ಕಂಬದ ಬುಡದ ಸ್ವಿಚ್ಚಿನ ಪೆಟ್ಟಿಗೆಯ ಬೀಗದ ಕೈಯನ್ನು ಅವಳಿಗೇ ಕೊಟ್ಟರು. ಅಂದಿನಿಂದ ಅದು ಹಗಲೂ ರಾತ್ರಿ ಉರಿಯುತ್ತಿದೆ. ಒಮ್ಮೆ ಹಿಮ ಬಿದ್ದು ಊರಿಗೆ ಊರೇ ಕರೆಂಟಿಲ್ಲದೆ ಕೂತಾಗ ಈ ಹೆಂಗಸು ಲಾಟೀನು ಹಿಡಿದು ಕಂಬದ ಕೆಳಗೆ ನಿಂತಿದ್ದಳು! ಉಂಗುರ ಅಲ್ಲೇ ಇರುತ್ತದೆಂದು ಮಗ ಹೇಳಿದ್ದನಲ್ಲ, ಇರಲಿ ಎಂದೇ ಬಿಟ್ಟಿದ್ದಳು. ಆದರೆ ನಾಳೆ ಬೆಳಿಗ್ಗೆ ಬಾಸ್ಕೆಟ್‌ಬಾಲ್ ಅಂಗಳಕ್ಕೆಂದು ಬೆಂಚಿನಿಂದ ಕಂಬದ ಬುಡದವರೆಗೆ ಕಾಂಕ್ರೀಟು ಬೀಳುವುದಿತ್ತು.

"ಸರಿಯಾಗಿ ಹೇಳೋ. ಸಿಗತ್ತಾ, ಇಲ್ವಾ?"

"ರಸ್ತೆ ಆಚೆ ಟ್ರಾನ್ಸ್‌ಫಾರ್ಮರ್ ಇದ್ಯಲ್ಲಕ್ಕ, ಅದರ ಕಾಟ."

"ಬಿಡ್ಬೇಡ ರೈಲು. ಸುಳ್ಳು ಹೇಳುವಾಗ ಕಿವಿ ಕೆರ್ಕೊಳ್ಳೋ ಬುದ್ಧಿ ಇನ್ನೂ ಹೋಗ್ಲಿಲ್ಲ ನಿಂಗೆ."

ಫ್ಲೋರಿಯನ್ ಕಿವಿಯಿಂದ ಕೈ ತೆಗೆದ. ಡಿಟೆಕ್ಟರನ್ನು ಮೆಲ್ಲಗೆ ಕಂಬದ ಹತ್ತಿರ ಒಯ್ದ. ಅದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚಿತು.

"ದೀಪದ್ದೇ ಅಕ್ಕ. ಇದರ ತಂತಿ ನೆಲದೊಳಗಿದೆ. ಇದು ಉರೀತಾ ಇರೋವರ್ಗೂ ಯಂತ್ರಕ್ಕೆ ಬೇರೇನೂ ಕೇಳ್ಸಲ್ಲ."

ಬರ್ನದೀನಳ ಕೈ ಕೊರಳಿಗೆ ಹೋಯಿತು. ಶಿಲುಬೆಯ ಜೊತೆಗೆ ಬೀಗದ ಕೈ ಅಲ್ಲಿ ನೇತಾಡುತ್ತಿತ್ತು. ಎಂಥ ಮಾತಾಯಿತು ನೋಡಿ! ಹುಡುಕಲಿಕ್ಕೆಂದು ಹಾಕಿಸಿದ ದೀಪವೇ ಇಷ್ಟು ಕಾಲ ಅದನ್ನು ಮುಚ್ಚಿಟ್ಟುಕೊಂಡು ಕೂತಿತ್ತು.

"ಆರಿಸಿದ್ರೆ ಸಿಗತ್ತೆ ಅಂತ ಆಣೆ ಮಾಡ್ತೀಯಾ?"

"ಇಲ್ಲಕ್ಕ. ಆರಿಸ್ದೆ ಇದ್ರೆ ಸಿಗಲ್ಲ ಅಂತ ಬೇಕಾದ್ರೆ ಮಾಡ್ತೀನಿ."

ಅವಳು ಬೀಗದ ಕೈಯನ್ನು ಹಿಡಿದುಕೊಂಡೇ ಕೂತಳು. ಡಬ್ಬಿಯಲ್ಲಿ ತಂದಿದ್ದ ಪಿರೋಗಿ ಕಡುಬು ತಣ್ಣಗಾಯಿತು, ಯಾರೂ ಮುಟ್ಟಲಿಲ್ಲ. ಹೊತ್ತು ಮುಳುಗುವಾಗ ಎದ್ದು, ಶಿಲುಬೆಯ ಗುರುತು ಮಾಡಿಕೊಂಡು ಪೆಟ್ಟಿಗೆ ತೆರೆದು ಸ್ವಿಚ್ಚು ಕೆಳಗೆಳೆದಳು.

ದೀಪ ಆರಿತು. ಅದೇ ಕ್ಷಣ ಯಂತ್ರವೂ ಬಾಯಿ ಮುಚ್ಚಿತು. ಎಂಥ ಮೌನ ಅದು! ಕತ್ತಲು ಕವಿಯುತ್ತಿದ್ದಂತೆ ಹುಲ್ಲಿನಿಂದ ಒಂದು ಮಿಂಚುಹುಳ ಎದ್ದಿತು, ಅದರ ಹಿಂದೆ ನಾಲ್ಕಾರು, ಆಮೇಲೆ ಹುಲ್ಲಿಗೆ ಹುಲ್ಲೇ ಮಿನುಗತೊಡಗಿತು.

"ದೇವರೇ! ಇಷ್ಟೊಂದು ಇದ್ವಾ ಇಲ್ಲಿ?"

"ಪ್ರತೀ ಬೇಸಿಗೆ ಇರ್ತಾವಕ್ಕ. ದೀಪದ ಬೆಳಕಲ್ಲಿ ಕಾಣ್ತಿರ್ಲಿಲ್ಲ ಅಷ್ಟೆ."

ಫ್ಲೋರಿಯನ್ ಯಂತ್ರದ ಕಿವಿಯನ್ನು ಪೂರ್ತಿ ಏರಿಸಿ ಬೀಸಿದ. ಕಂಬಕ್ಕೂ ಬೆಂಚಿಗೂ ನಡುವೆ ನೆಲದಾಳದಿಂದ ಒಂದು ಸ್ವರ ಬಂತು. ಸಣ್ಣದು, ದುಂಡಗಿನದು, ಚೂರೂ ನಡುಕವಿಲ್ಲದ್ದು. ಅಗೆಯಲು ಬಾಗಿದರೆ ಅಕ್ಕ ತೋಳು ಹಿಡಿದಳು.

"ಇನ್ನೊಂದ್ಸಲ."

ಬೀಸಿದ.

"ಇನ್ನೊಂದ್ಸಲ ಕಣೋ."

ಎಷ್ಟು ಸಲ ಬೀಸಿದನೋ! ಪ್ರತಿ ಸಲವೂ ಅದು ತಪ್ಪದೆ ಓಗೊಟ್ಟಿತು. ಕೊನೆಗೆ ಹುಲ್ಲನ್ನು ಮೂರು ಬದಿ ಕತ್ತರಿಸಿ ಮುಚ್ಚಳದಂತೆ ಮಗುಚಿದ. ಮಣಿಕಟ್ಟು ಮುಳುಗುವಷ್ಟು ಅಗೆದು ಮಣ್ಣಿನ ಉಂಡೆಯೊಂದನ್ನು ಹಿಸುಕಿದ. ಉಂಗುರ! ಬರ್ನದೀನ್ ಅದನ್ನು ಲಂಗಕ್ಕೆ ಒರೆಸಿ ತನ್ನ ಹೆಬ್ಬೆರಳಿಗೆ ಹಾಕಿದಳು. ಅಲ್ಲಿಯೂ ಸಡಿಲ.

"ಬೆಳೆಯೋ ಹುಡುಗ ಅಂತ ನಾನೇ ಒಂದಳತೆ ದೊಡ್ಡದು ತಗೊಂಡಿದ್ದೆ," ಎಂದು ಕಣ್ಣೊರೆಸಿಕೊಂಡಳು.

ಫ್ಲೋರಿಯನ್ ಮಣ್ಣು ತುಂಬಿ, ಹುಲ್ಲಿನ ಮುಚ್ಚಳ ಮುಚ್ಚಿ, ಮೇಲೆ ಮೆತ್ತಗೆ ತುಳಿದ.

"ನಾಳೆ ಕಾಂಕ್ರೀಟು ಬೀಳೋ ಜಾಗಕ್ಕೆ ಇದೆಲ್ಲ ಯಾಕೋ?"

"ಅಗೆದ ಮೇಲೆ ಮುಚ್ಚೇ ಹೋಗ್ಬೇಕಕ್ಕ. ನಮ್ಮಂಥ ಹುಡುಕೋರಲ್ಲಿ ಹಾಗೇ." ಅವನು ಕಂಬದ ಪೆಟ್ಟಿಗೆಯ ಹತ್ತಿರ ಹೋಗಿ ಸ್ವಿಚ್ಚಿನ ಮೇಲೆ ಕೈಯಿಟ್ಟ. "ದೀಪ ಹಾಕ್ಲಾ?"

ಬರ್ನದೀನ್ ಉಂಗುರದ ಮುಷ್ಟಿ ಬಿಗಿದು ಮಿಂಚುಹುಳಗಳನ್ನೇ ನೋಡುತ್ತಿದ್ದಳು.

"ಬೇಡ ಬಿಡೋ. ಅವನು ಹುಡುಕೋದು ಮುಗೀತು."