ಹತ್ತೊಂಬತ್ತು ಗುಂಡುಸೂಜಿ

ಹಾಕಿದ್ದು ಇಪ್ಪತ್ತು. ತೆಗೆದದ್ದು ಹತ್ತೊಂಬತ್ತು.

ಡಲ್ಸಿ ತಗಡಿನ ಡಬ್ಬಿಯನ್ನು ಮೇಜಿನ ಮೇಲೆ, ಟೀ ಲೋಟದ ಪಕ್ಕ, ಬೋರಲು ಹಾಕಿ ಗುಂಡುಸೂಜಿಗಳನ್ನು ಇನ್ನೊಮ್ಮೆ ಎಣಿಸಿದಳು. ಹತ್ತೊಂಬತ್ತೇ. ಮಡಿಲು ಕೊಡವಿದಳು, ಹೊಲಿಗೆ ಯಂತ್ರದ ಅಡಿಗೆ ಬೆರಳಾಡಿಸಿದಳು. ಚಪ್ಪಲಿ ಕಳಚಿ, ಕೊರೆಯುವ ನೆಲದ ಮೇಲೆ ಬರಿಗಾಲು ಸವರುತ್ತ ಹೋದಳು. ಚುಚ್ಚಿದ್ದರೆ ಸಂತೋಷಕ್ಕೆ ಕುಣಿದುಬಿಡುತ್ತಿದ್ದಳು. ಚುಚ್ಚಲಿಲ್ಲ.

ಹಾಗಾದರೆ ಇಪ್ಪತ್ತನೆಯದು ಹೊದಿಕೆಯಲ್ಲಿದೆ. ಹೊದಿಕೆಯಲ್ಲಿ ಮೊಮ್ಮಗನಿದ್ದಾನೆ.

ಐದು ತಿಂಗಳ ಫ್ಲಿನ್, ಎದುರು ಕುರ್ಚಿಯಲ್ಲಿ ತಾಯಿ ಟೀಗನ್‌ಳ ತೊಡೆಯ ಮೇಲೆ, ಹಳದಿ ಬಾತುಕೋಳಿಗಳ ಚಿತ್ರದ ಹೊಚ್ಚ ಹೊಸ ಫ್ಲಾನೆಲ್ ಹೊದಿಕೆ ಸುತ್ತಿಸಿಕೊಂಡು ನಿದ್ದೆ ಹೋಗಿದ್ದ. ಟಾಸ್ಮೇನಿಯಾದ ಜುಲೈ, ನಡುಚಳಿಗಾಲ. ಗಂಟೆ ಹತ್ತಾದರೂ ಕಿಟಕಿಯಾಚೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಬಿಳಿ ಇಬ್ಬನಿ ಕರಗಿರಲಿಲ್ಲ.

ತಪ್ಪು ಕೈಯದ್ದಲ್ಲ, ನಾಲಿಗೆಯದ್ದು. ಎರಡು ತುಂಡು ಫ್ಲಾನೆಲ್ಲನ್ನು ಮೋರೆಗೆ ಮೋರೆ ಇಟ್ಟು, ಸುತ್ತ ಗುಂಡುಸೂಜಿ ಚುಚ್ಚಿ, ಹೊಲಿಯುತ್ತ ಹೊಲಿಯುತ್ತ ಒಂದೊಂದನ್ನೇ ಕೀಳುತ್ತ ಹೋಗಬೇಕು. ಅಂಗೈಯಷ್ಟು ಬಾಯಿ ಬಿಟ್ಟು, ಅದರೊಳಗಿಂದ ಬಟ್ಟೆಯನ್ನು ಮಗುಚಿ, ಆಮೇಲೆ ಬಾಯಿ ಮುಚ್ಚಬೇಕು. ಮುಚ್ಚುವ ಮೊದಲು ಸೂಜಿ ಎಣಿಸಬೇಕು. ಇದು ಡಲ್ಸಿಯ ಅತ್ತೆ ಮಾಡಿಟ್ಟ ಕಾನೂನು. ನಲವತ್ತು ವರ್ಷದಲ್ಲಿ ಒಮ್ಮೆಯೂ ಮುರಿದದ್ದಿಲ್ಲ. ಇವತ್ತು ಮಾತ್ರ ಹೊದಿಕೆಯ ಬಾಯಿ ಮುಚ್ಚುವಾಗ ಡಲ್ಸಿಯ ಬಾಯಿ ತೆರೆದಿತ್ತು. ಶಿಶುಕ್ಷೇಮ ಕೇಂದ್ರದ ನರ್ಸಮ್ಮನ ದನಿಯನ್ನು ಮೂಗಿನೊಳಗೆ ಕರೆಸಿಕೊಂಡು ಅಣಕಿಸುತ್ತಿದ್ದಳು.

"ಮಗೂನ ಅಂಗಾತ ಮಲಗಿಸ್ಬೇಕು ತಾಯೀ! ದಿಂಬು ಬೇಡ, ಗೊಂಬೆ ಬೇಡ, ಅಜ್ಜಿಯರ ಬುದ್ಧಿವಾದ ಅಂತೂ ಬೇಡವೇ ಬೇಡ!"

ಟೀಗನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಆ ನಗುವಿನ ಬಾಲದಲ್ಲೇ ಹೇಳಿಬಿಟ್ಟಿದ್ದಳು: "ಆಯ್ತು ಡಲ್ಸಿ. ನಾನು ಮುಂದಿನ ತಿಂಗಳು ಕೆಲಸಕ್ಕೆ ಹೋಗೋಕೆ ಶುರು ಮಾಡಿದ್ಮೇಲೆ ಮಂಗಳವಾರ, ಗುರುವಾರ ಇವನು ನಿಮ್ಮ ಹತ್ರಾನೇ ಇರ್ಲಿ."

ಎರಡು ತಿಂಗಳಿಂದ ಕಾದ ಮಾತು. ಸೊಸೆ ಇಷ್ಟು ದಿನ ಹಿಂದೆಮುಂದೆ ನೋಡಿದ್ದು ಡಲ್ಸಿಯ ಕಣ್ಣಿನ ಪೊರೆ ನೆನೆದು. ಹೋದ ತಿಂಗಳು ಡಲ್ಸಿ ಬೀದಿ ಮೂಲೆಯ ಅಂಚೆಪೆಟ್ಟಿಗೆಗೆ ಗುಡ್ ಮಾರ್ನಿಂಗ್ ಹೇಳಿದ್ದು ಊರಿಗೆಲ್ಲ ಗೊತ್ತು. ತಮಾಷೆಗೆ ಹೇಳಿದ್ದು ಎಂದು ಡಲ್ಸಿಯ ವಾದ. ಇನ್ನು ಗುಂಡುಸೂಜಿಯ ಕಥೆಯೂ ಹೊರಬಿದ್ದರೆ ಮಂಗಳವಾರವೂ ಇಲ್ಲ, ಗುರುವಾರವೂ ಇಲ್ಲ.

"ಚಿನ್ನ, ಆ ಹೊದಿಕೆ ಇತ್ಲಾಗೆ ಕೊಡು. ಒಂದ್ಸಲ ಒಗೆದು ಕೊಡ್ತೀನಿ."

"ಕುಗ್ಗಿಹೋಗುತ್ತೆ ಅಂತ ಕತ್ತರಿಸೋ ಮೊದ್ಲೇ ಎರಡು ಸಲ ಒಗೆದ್ರಲ್ಲ! ಇನ್ನೊಂದ್ಸಲ ನೀರಿಗೆ ಹಾಕಿದ್ರೆ ಬಾತುಕೋಳಿಗಳೆಲ್ಲ ಈಜ್ಕೊಂಡು ಹೋಗ್ಬಿಡ್ತವೆ. ಮಲಗಿದಾನೆ, ಬಿಡಿ."

ಫ್ಲಿನ್ ನಿದ್ದೆಯಲ್ಲೇ ಕಾಲು ಝಾಡಿಸಿದ. ಡಲ್ಸಿ ಮತ್ತೆ ನೆಲ ನೋಡಿದಳು. ಸೂಜಿ ಹಲಗೆಗಳ ಸಂದಿಯಲ್ಲಿ ಬಿದ್ದುಹೋಗಿರಬಹುದು. ಹಾಕಿದ್ದೇ ಹತ್ತೊಂಬತ್ತಿರಬಹುದು. ಸಂಜೆ ಫೋನ್ ಮಾಡಿ, ಏನೋ ಒಂದು ನೆವ ಹೇಳಿ, ಹೊದಿಕೆ ತರಿಸಿಕೊಳ್ಳಬಹುದು. ಎಷ್ಟೊಂದು 'ಬಹುದು'! ಮಗು ಇನ್ನೊಮ್ಮೆ ಒದ್ದಿತು.

"ಟೀಗನ್, ಮಗೂಗೆ ಸುತ್ತಿರೋದನ್ನ ಬಿಚ್ಚು. ಹೊದಿಕೇಲಿ ಗುಂಡುಸೂಜಿ ಇದೆ."

ಟೀಗನ್ ಕಿಸಕ್ಕೆಂದಳು. "ಇದ್ಯಾರಪ್ಪಾ ಈಗ? ನರ್ಸಮ್ಮ ಅಲ್ಲ... ಪಾದ್ರಿಗಳಾ?"

"ಯಾರೂ ಅಲ್ಲ. ನಾನೇ."

ಪಾದ್ರಿ, ಮೇಯರು, ಟಿವಿಯಲ್ಲಿ ಹವಾಮಾನ ಹೇಳುವವನು, ಎಲ್ಲರೂ ಡಲ್ಸಿಯ ಗಂಟಲಲ್ಲಿ ಬಾಡಿಗೆಗಿದ್ದರು. ಮನೆಯೊಡತಿಯ ದನಿಯನ್ನು ಟೀಗನ್ ಕೇಳಿದ್ದೇ ಕಡಿಮೆ. ಕೇಳಿದ ಕೂಡಲೇ ನಗು ನಿಂತಿತು. ಹೊದಿಕೆಯನ್ನು ಬಿಡಿಸಿ, ಮಗುವಿನ ಬೆನ್ನು, ತೊಡೆ, ಕಂಕುಳು ಸವರಿದಳು. ಒಂದು ಗೀರೂ ಇಲ್ಲ. ಅಳತೊಡಗಿದ ಮಗುವನ್ನು ಡಲ್ಸಿಯ ತೋಳಿಗೆ ತಳ್ಳಿ, ಫ್ರಿಜ್ ಬಾಗಿಲಿನ ಅಯಸ್ಕಾಂತವೊಂದನ್ನು ಕಿತ್ತು ತಂದು ಹೊದಿಕೆಯ ಅಂಚಿನುದ್ದಕ್ಕೂ ಎಳೆದಳು. ಮೊದಲ ಮೂಲೆ, ಎರಡನೆಯ ಮೂಲೆ. ಮೂರನೆಯದರಲ್ಲಿ ಅದು ಗಪ್ಪನೆ ಹಿಡಿದುಕೊಂಡಿತು.

ಕತ್ತರಿಯ ಮೊನೆಯಿಂದ ಹೊಲಿಗೆ ಬಿಡಿಸಿ, ಸೂಜಿಯನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದಳು. ಬೆರಳುದ್ದ ಇರಲಿಲ್ಲ. ಮಗುವಿನ ತೊಡೆಗೆ ಅಷ್ಟು ಸಾಕಿತ್ತು.

"ಮಂಗಳವಾರ, ಗುರುವಾರದ ಮಾತು ಮರೆತುಬಿಡು ಚಿನ್ನ," ಎಂದಳು ಡಲ್ಸಿ. "ನಂಗೆ ಬೇಜಾರಿಲ್ಲ." ಹೇಳುತ್ತಲೇ ಮಗುವನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು.

"ನೀವು ಹೇಳದೇ ಇದ್ದಿದ್ರೆ?"

"ಹೇಳಬಾರ್ದು ಅಂತಾನೇ ಅಂದ್ಕೊಂಡಿದ್ದೆ."

"ಎಷ್ಟು ಹೊತ್ತು?"

ಡಲ್ಸಿ ಯೋಚಿಸಿದಳು. ಸುಳ್ಳು ಹೇಳಲು ಇನ್ನೊಂದು ಅವಕಾಶವಿತ್ತು. "ಒಂದು ಟೀ ಕುಡಿಯೋ ಅಷ್ಟು ಹೊತ್ತು."

ಟೀಗನ್ ಮೇಜಿನ ಮೇಲಿದ್ದ ಡಲ್ಸಿಯ ಲೋಟ ನೋಡಿದಳು. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಮುಟ್ಟಿದಳು. ಇನ್ನೂ ಬಿಸಿ ಇತ್ತು. ಕುರ್ಚಿ ಎಳೆದುಕೊಂಡು ಕೂತು, ಬಿಡಿಸಿದ ಮೂಲೆಯನ್ನು ಮತ್ತೆ ಹೊಲಿಯಲು ಸೂಜಿಗೆ ದಾರ ಪೋಣಿಸತೊಡಗಿದಳು. ಮಗುವನ್ನು ವಾಪಸ್ ಕೇಳಲಿಲ್ಲ.