ಎಡಗೈಗೆ ಪಾಠ

"ಮತ್ತ ಬಲಗೈ ಚಾಚೀದಿ ನೋಡು! ಎಡಗೈ, ಮಡೆಪ್ಪಾ, ಎಡಗೈ!"

ಭೀಮಬಾಯಿ ಮೇಲಿನಿಂದ ಒಂದು ಹರಳು ಎಸೆದಳು. ಅದು ಹುಡುಗನ ಬಲಗೈಗೆ ಸರಿಯಾಗಿ ಬಡಿಯಿತು.

"ಜೀ," ಎಂದ ಅವನು. ಇನ್ನೊಂದು ಹರಳು ಬಿತ್ತು.

"ಜೀ ಅಲ್ಲ. 'ಹೂಂನವ್ವಾ' ಅನ್ನು."

"ಹೂಂನವ್ವಾ."

ಜೋಳ ತುಂಬಲು ಅಂಗಳದಲ್ಲಿ ತೋಡಿದ ಹಗೇವು ಅದು. ಈಗ ಖಾಲಿ. ಬಾಯಿ ಒಬ್ಬ ಇಳಿಯುವಷ್ಟು, ಒಳಗೆ ಒಬ್ಬ ಕಾಲು ಮಡಚಿ ಕೂಡುವಷ್ಟು. ಗೋಡೆ ಬೆವರುತ್ತಿತ್ತು. ಹಳೆ ಕಾಳಿನ ಮುಗ್ಗಲು ವಾಸನೆ ಗಂಟಲಿಗೆ ಅಂಟಿ ಕೂತಿತ್ತು. ಮೇಲೆ ನೋಡಿದರೆ ತಟ್ಟೆಯಷ್ಟು ಆಕಾಶ, ಅದರಲ್ಲಿ ಭೀಮಬಾಯಿಯ ಮುಖ.

ಹುಡುಗ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಈ ವರ್ಷವೇ ಮನಶ್ಶಾಸ್ತ್ರ ತೆಗೆದುಕೊಂಡಿದ್ದ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಗಲಾಟೆ ಹೆಚ್ಚಾಗಿ ಕಾಲೇಜು ಮುಚ್ಚಿತು. ಊರ ಕಡೆ ಬಂದ. ಬಂದ ವಾರದಲ್ಲೇ ಇಂಡಿಯಾದ ದಂಡು ಬಂತು, ನಿಜಾಮನ ರಾಜ್ಯ ಬಿತ್ತು, ರಜಾಕಾರರು ಬಂದೂಕು ಬಾವಿಗೆಸೆದು ಓಡಿದರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸೇಡಿನ ಗುಂಪುಗಳು ಕೊಡಲಿ ಹಿಡಿದು ಊರೂರು ತಿರುಗತೊಡಗಿದವು. ಮೈಮೇಲೆ ಶೇರವಾನಿ ಕಂಡರೆ ಸಾಕು, ಬಾಯಲ್ಲಿ ಒಂದು ಉರ್ದು ಮಾತು ಬಂದರೆ ಸಾಕು, ವಿಚಾರಣೆ ಇಲ್ಲ.

ಅವನು ಠಾಣಾ ಕುಶನೂರಿನ ಈ ಬಾಗಿಲಿಗೆ ಬಂದಾಗ ಮೈಮೇಲೆ ಶೇರವಾನಿಯೇ ಇತ್ತು. ಭೀಮಬಾಯಿ ಅದನ್ನು ಬಿಚ್ಚಿಸಿ ಒಲೆಗೆ ಹಾಕಿದಳು. ಪೆಟ್ಟಿಗೆಯಿಂದ ಧೋತರ ತೆಗೆದು ಉಡಿಸಿದಳು.

ಭಯ ಬಂದಾಗ ಬುದ್ಧಿ ಮೊದಲು ಓಡಿಹೋಗುತ್ತದೆ, ಅಭ್ಯಾಸ ಒಂದೇ ಜೊತೆಗೆ ಉಳಿಯುತ್ತದೆ ಎಂದು ಪ್ರೊಫೆಸರ್ ಫಕ್ರೋದ್ದೀನ ಸಾಹೇಬರು ಹೇಳಿದ್ದರು. ಹೊಸ ಅಭ್ಯಾಸ ಬೇಕೆಂದರೆ ಮತ್ತೆ ಮತ್ತೆ ಮಾಡಿಸಬೇಕು. ತಪ್ಪಿದರೆ ಪೆಟ್ಟು, ಸರಿಯಾದರೆ ತಿನಿಸು. ಆ ದಿನ ಹಾಸ್ಟೆಲಿನಲ್ಲಿ ಖೋಲಿಯ ಗೆಳೆಯ ಹೊಟ್ಟೆ ಹಿಡಿದು ನಕ್ಕಿದ್ದ: "ನಮ್ಮವ್ವ ಎತ್ತಿಗಿ ಕಲಸೋದೂ ಹಿಂಗೇ!"

ಬೆಳಿಗ್ಗೆ ಹುಡುಗ ತಾನೇ ಕೇಳಿಕೊಂಡಿದ್ದ, "ನನಗೂ ಹಂಗೇ ಕಲಸು" ಎಂದು. ಅವನ ಬರಿಗೊರಳು ನೋಡಿ ಭೀಮಬಾಯಿ ಒಳಗೆ ಹೋದಳು. ಆಮೇಲೆ ಲಿಂಗದ ಕರಡಿಗೆ ತಂದು ಕಟ್ಟಿದಳು. ಗುಂಪಿನವರು ಮೊದಲು ಕೊರಳು ನೋಡುತ್ತಾರೆ, ಆಮೇಲೆ ಪೂಜೆಗೆ ಹಿಡಿ ಎನ್ನುತ್ತಾರೆ. ಲಿಂಗ ಎಡ ಅಂಗೈಯಲ್ಲೇ ಕೂಡಬೇಕು. ಹಾಸ್ಟೆಲಿನಲ್ಲಿ ಇದ್ದವನ ಕೈಗೆ ಅದರ ರೂಢಿ ಎಲ್ಲಿಂದ ಬರಬೇಕು? ಹರಳು ಬೀಳುತ್ತಲೇ ಇದ್ದವು.

ಮಧ್ಯಾಹ್ನದ ಹೊತ್ತಿಗೆ ಎಡಗೈ ತಾನಾಗಿ ಮುಂದೆ ಬರತೊಡಗಿತು. ಬುಟ್ಟಿಯಲ್ಲಿ ರೊಟ್ಟಿ, ಪುಂಡಿಪಲ್ಯ ಇಳಿದು ಬಂತು.

"ನೀನೂ ಉಣ್ಣವ್ವಾ. ಮುಂಜಾನಿಂದ ನೀರು ಸಹ ಕುಡದಿಲ್ಲ."

"ನನ್ನ ಚಿಂತಿ ನಿನಗ್ಯಾಕ? ಬಾಯಿ ಮುಚ್ಚಿ ಉಣ್ಣು."

ಅವಳ ತುಟಿ ಒಣಗಿ ಸೀಳಿತ್ತು. ತುಂಬಿದ ತಂಬಿಗೆ ಪಕ್ಕದಲ್ಲೇ ಇತ್ತು.

ಅಷ್ಟರಲ್ಲಿ ನಾಯಿಗಳು ಬೊಗಳಿದವು. ಅವಳು ಚಪ್ಪಡಿ ಎಳೆದು ಮುಚ್ಚಿದಳು. ಕತ್ತಲು.

ಔರಾದ ಕಡೆಯ ಗುಂಪು ಅದು. ಮುಂದಾಳು ದತ್ತಾತ್ರಿ ಅಂಗಳಕ್ಕೆ ಬಂದವನೇ ಚಪ್ಪಡಿಯ ಮೇಲೆ ಕೊಡಲಿ ಬಡಿದ. "ಭಾಲ್ಕಿಯಿಂದ ಒಬ್ಬ ಶೇರವಾನಿಯಂವ ಈ ಕಡಿ ಓಡಿ ಬಂದಾನ. ಇದರ ಬಾಯಿ ತಗೀ."

ಹುಡುಗನನ್ನು ರಟ್ಟೆ ಹಿಡಿದು ಮೇಲೆಳೆದರು. ಬಿಸಿಲಿಗೆ ಅವನ ಕಣ್ಣು ಮುಚ್ಚಿಕೊಂಡವು.

"ಯಾಂವ ಇಂವ?"

"ನನ್ನ ಮಗ. ಮಡೆಪ್ಪ."

"ಮಗ ಆದ್ರ ಹಗೇವಿನಾಗ ಯಾಕ ಇಟ್ಟೀದಿ?"

"ನಿಮ್ಮಂಥೋರು ಬರ್ತೀರಲ್ಲ, ಅದಕ್ಕ! ಹೈದ್ರಾಬಾದಿನಾಗ ಕಲಿಯೋ ಹುಡುಗ, ಬಾಯಿ ತಗದ್ರ ಉರ್ದು ಬರ್ತದ. ನೀವೇನು ಕೇಳಿ ಕಡಿಯೋರೋ, ಕಡದು ಕೇಳೋರೋ?"

ಯಾರೋ ನಕ್ಕರು. ದತ್ತಾತ್ರಿ ನಗಲಿಲ್ಲ. "ಲಿಂಗ ಹಿಡಿ," ಎಂದ.

ಹುಡುಗನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಹೆಸರು ಕೂಡ. ಆದರೆ ಎಡಗೈ ಮುಂದೆ ಬಂತು, ಅಂಗೈ ಅರಳಿತು. ಬಲಗೈ ಕರಡಿಗೆ ಬಿಚ್ಚಿ ಲಿಂಗವನ್ನು ಆ ಅಂಗೈಯಲ್ಲಿಟ್ಟಿತು.

"ಇದೇನು ದೊಡ್ಡದು," ಎಂದು ಹಿಂದಿನಿಂದ ಒಬ್ಬ ಕೂಗಿದ. "ಧೋತರ ಬಿಚ್ಚಸ್ರಿ, ತಾನs ತಿಳೀತದ."

ಭೀಮಬಾಯಿ ನಡುವೆ ಬಂದು ನಿಂತಳು. "ನನ್ನ ಕಣ್ಣ ಮುಂದ ಬಿಚ್ಚಸ್ತೀಯೇನೋ, ಭಾಡ್ಯಾ? ನಿಮ್ಮ ಮನ್ಯಾಗ ಹೆಣ್ಣಮಕ್ಕಳಿಲ್ಲೇನು?"

ದತ್ತಾತ್ರಿ ಸುತ್ತ ನೋಡಿದ. "ಈ ಊರಾಂವ ಯಾವನಾದ್ರೂ ಹೇಳ್ಲಿ, ಬಿಟ್ಟು ಹೋಗ್ತೇವಿ."

ಬಾಗಿಲಲ್ಲಿ ಕಂಬಳಿ ಹೊದ್ದು ಕುರುಬರ ಹಣಮಂತಪ್ಪ ನಿಂತಿದ್ದ. ಅವನ ತಮ್ಮನನ್ನು ರಜಾಕಾರರು ಮಳೆಗಾಲದ ಮೊದಲಲ್ಲಿ ಕೊಂದಿದ್ದರು. ಮಡೆಪ್ಪನನ್ನು ಅವನು ಎತ್ತಿ ಆಡಿಸಿದವನು. ಹುಡುಗನ ಹತ್ತಿರ ಬಂದು ಮುಖ ನೋಡಿದ. ಬಹಳ ಹೊತ್ತು ನೋಡಿದ. ಭೀಮಬಾಯಿ ಕೈಮುಗಿಯಲಿಲ್ಲ, ಕಣ್ಣೂ ಕೆಳಗಿಳಿಸಲಿಲ್ಲ.

"ಮಡೆಪ್ಪನs ಇಂವ," ಎಂದ ಹಣಮಂತಪ್ಪ. "ಸಣ್ಣಾಂವ ಇದ್ದಾಗ ನನ್ನ ಕುರಿಮರಿ ಹೊತಕೊಂಡು ಓಡ್ತಿದ್ದ, ಸೂಳೀಮಗ. ಹೈದ್ರಾಬಾದಿನ ನೀರು ಕುಡದು ಮಾರಿ ಪೂರಾ ಬದಲಾಗ್ಯದ." ಪಕ್ಕಕ್ಕೆ ತಿರುಗಿ ಉಗುಳಿ ಹೊರಟುಹೋದ.

ಗುಂಪಿನವರು ನೀರು ಕೇಳಿ ಕುಡಿದು ಮುಂದಿನ ಊರಿಗೆ ನಡೆದರು.

ಹುಡುಗ ಲಿಂಗವನ್ನು ಮತ್ತೆ ಕರಡಿಗೆಯಲ್ಲಿಟ್ಟ. ಭೀಮಬಾಯಿ ಅವನ ಕೊರಳಿನ ಕರಡಿಗೆ ಬಿಚ್ಚಿಕೊಂಡಳು. ಕಣ್ಣಿಗೊತ್ತಿಕೊಂಡಳು. ತಿರುಗಿ ನಿಂತು ತನ್ನ ಬರಿಗೊರಳಿಗೆ ಕಟ್ಟಿಕೊಂಡಳು. ಮೈಮೇಲೆ ಲಿಂಗವಿಲ್ಲದೆ ಅವಳು ಜನ್ಮದಲ್ಲಿ ಒಂದು ಹನಿ ನೀರು ಮುಟ್ಟಿದವಳಲ್ಲ. ಈಗ ತಂಬಿಗೆ ಎತ್ತಿ, ಗಟಗಟ ಕುಡಿದು ಬರಿದು ಮಾಡಿದಳು.

"ಇನ್ನ ಒಳಗ ಇಳಿಯಪ್ಪಾ, ಅಬ್ದುಲ ಸಮದ," ಎಂದಳು. "ನನ್ನ ಮಗ, ನಿನ್ನ ಖೋಲಿಯ ಗೆಳೆಯ, ಹೈದ್ರಾಬಾದಿನಿಂದ ಮನಿಗಿ ಬರೋ ತನಕಾ, ಅವನ ಹೆಸರು ನಿನ್ನ ಹತ್ತರನೇ ಇರಲಿ."