ಲಂಡನ್ನಿನ ಆನೆಕಾಸು

ಹರಾಜು ಗೆದ್ದ ಖುಷಿಯಲ್ಲಿ ಪಟ್ಟಾಭಿ ಬೆಳಿಗ್ಗೆಯೇ ಗೆಳೆಯ ಮರಿಯಪ್ಪನ ಮನೆಗೆ ಬಂದ. ಹಳೇ ನಾಣ್ಯ ಕೂಡಿಡುವ ಹುಚ್ಚು ಇಬ್ಬರಿಗೂ ಇತ್ತು.

"ಆನೆಕಾಸು ಕಣೋ! ಲಂಡನ್ನಿನ ಹರಾಜಿನಲ್ಲಿ ನಾನೂರು ಪೌಂಡಿಗೆ ಹೊಡೆದೆ. ಹೋದ ವರ್ಷ ಐದು ಸಾವಿರಕ್ಕೆ ನನಗೆ ಕಟ್ಟೋಕೆ ಬಂದಿದ್ದೆಯಲ್ಲ, ಅಂಥ ನಕಲಿ ಅಲ್ಲ ಇದು. ಫಾರಿನ್ನಿನವರು ಪರೀಕ್ಷೆ ಮಾಡಿರೋ ಅಸಲಿ ಮಾಲು."

ಮರಿಯಪ್ಪ ಫೋನಿನಲ್ಲಿದ್ದ ಚಿತ್ರವನ್ನು ಹಿಗ್ಗಿಸಿ ನೋಡಿದ. ಆನೆಯ ಕಿವಿಯ ಹತ್ತಿರ ಸಣ್ಣ ಗೀರೊಂದಿತ್ತು.

"ಚೆನ್ನಾಗಿದೆ ಬಿಡು."

"ದುಡ್ಡು ಕಳಿಸೋದೇ ತಲೆನೋವು ಮಾರಾಯ. ಇಲ್ಲಿನ ಬ್ಯಾಂಕಿಗೊಂದು ಚಾರ್ಜು, ಅಲ್ಲಿನ ಬ್ಯಾಂಕಿಗೊಂದು, ನಡುವೆ ಇನ್ಯಾವುದೋ ಬ್ಯಾಂಕಿಗೊಂದು. ಮೂರು ಸಾವಿರ ಸುಮ್ನೆ ಹೋಗುತ್ತೆ!"

"ಚಾರ್ಜು ಒಂದು ಪೈಸೆನೂ ಬೇಡ. ರೂಪಾಯಿನ ಇಲ್ಲೇ ನನ್ನ ಕೈಗೆ ಕೊಡು. ಹರಾಜಿನವರಿಗೆ ನಾನೊಂದು ಮೇಲ್ ಹಾಕ್ತೀನಿ, ಮುಗೀತು."

"ನಿನ್ನ ಮಾತು ಅವರು ಯಾಕೋ ಕೇಳ್ತಾರೆ?"

ಮರಿಯಪ್ಪ ಕಾಫಿ ಲೋಟವನ್ನು ಅವನತ್ತ ಸರಿಸಿದ.

"ಕಮಿಷನ್ ಮುರ್ಕೊಂಡು ಆ ದುಡ್ಡನ್ನ ಅವರು ಕಳಿಸಬೇಕಾಗಿರೋದು ನನಗೇ ಅಲ್ವೇನೋ."